ಕತ್ತರಿ ಎಲ್ಲಿದೆ, ಡಲ್ಸಿ?

ಗುರುವಾರ ಬೆಳಕು ಹರಿಯುವಷ್ಟರಲ್ಲಿ ಡಲ್ಸಿ ಕೋಳಿಗೂಡಿನ ಬಾಗಿಲು ತೆಗೆದಿದ್ದಳು, ತಾಯಿ ಸತ್ತ ಕುರಿಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿದ್ದಳು, ನಾಯಿಯ ಕಿವಿಗೆ ಹೊಕ್ಕಿದ್ದ ಹುಲ್ಲಿನ ಮುಳ್ಳು ಕಿತ್ತಿದ್ದಳು, ಗಂಡನ ಕೆಲಸದ ಷರಾಯಿಗಳನ್ನು ಒಗೆದು ತಂತಿಗೆ ಹಾಕಿದ್ದಳು, ಅವನ ಮಧ್ಯಾಹ್ನದ ಬುತ್ತಿಗೆ ತಣ್ಣನೆಯ ಕುರಿಮಾಂಸ ಇಟ್ಟು ಬ್ರೆಡ್ ಕಟ್ಟಿದ್ದಳು, ಮಳೆನೀರಿನ ತೊಟ್ಟಿಯನ್ನು ಬೆರಳಗೆಣ್ಣಿನಿಂದ ಬಡಿದು ನೀರು ಎಲ್ಲಿಯವರೆಗಿದೆ ಎಂದು ಕೇಳಿಸಿಕೊಂಡಿದ್ದಳು. ಆಮೇಲೆ, ಗೋಧಿ ತುಂಬುವ ಎತ್ತರದ ಗೋಪುರಗಳ ಹಿಂದಿನಿಂದ ಸೂರ್ಯ ಮೇಲೇರುವ ಮುಂಚೆ ಸಿಕ್ಕ ಕೊಂಚ ಹೊತ್ತಿನಲ್ಲಿ, ಹಿಂಬದಿ ಜಗುಲಿಯ ಇಸ್ತ್ರಿ ಹಲಗೆಯ ಮುಂದೆ ನಿಂತು, ಒಂದು ನೀಲಿ ರಿಬ್ಬನ್ನನ್ನು ಕತ್ತರಿಸಿ ಪುಟ್ಟ ರಟ್ಟಿನ ಕಾರ್ಡೊಂದಕ್ಕೆ ಚಿತ್ರವಾಗಿ ಅಂಟಿಸಿದ್ದಳು.

ಇಷ್ಟೂ ಕೆಲಸಗಳಲ್ಲಿ ಗಂಡ ಕ್ಲೈವ್‌ನ ಕಣ್ಣಿಗೆ ಬಿದ್ದದ್ದು ಕೊನೆಯದೊಂದೇ. ಅದೂ ಸಂಜೆ ಊಟಕ್ಕೆ ಕೂತು, ಎದುರಿನ ಗೋಡೆಯ ಬರಿ ಮೊಳೆಯನ್ನು ನೋಡಿ, ರಿಬ್ಬನ್ ಏನಾಯಿತು ಎಂದು ಕೇಳಿ ತಿಳಿದಾಗ.

ಕ್ಲೈವ್: ಕತ್ತರಿಸಿಬಿಟ್ಯಾ? ಮೊದಲನೇ ಬಹುಮಾನದ ರಿಬ್ಬನ್ ಕಣೇ ಅದು.

ಡಲ್ಸಿ: ವರ್ಷದಿಂದ ನೊಣ ಕೂರಿಸ್ಕೊಂಡು ನೇತಾಡ್ತಿತ್ತು. ಉಳಿಕೆ ಸಾಮಾನು ಅನ್ಕೊಂಡೆ.

ಕ್ಲೈವ್: ಉಳಿಕೆ ಅಂದ್ರೆ ಬಟ್ಟೆ ಚೂರು, ಉಣ್ಣೆ ತುದಿ. ರಿಬ್ಬನ್ ಹೇಗೆ ಉಳಿಕೆ ಆಗುತ್ತೆ?

ಡಲ್ಸಿ: ಕೇಕ್ ತಿಂದಾಯ್ತು. ಚಪ್ಪಾಳೆ ನೀನು ತಗೊಂಡೆ. ಮಿಕ್ಕಿದ್ದು ಅದೊಂದೇ.

ಕ್ಲೈವ್ ಮಾಂಸದ ತುಂಡನ್ನು ಚಾಕುವಿನಿಂದ ಅತ್ತಿತ್ತ ತಳ್ಳಿದ. ಆ ರಿಬ್ಬನ್ ಬಂದದ್ದು ಹೋದ ವರ್ಷ, ತಾರನೂಕಿನ ಕೃಷಿ ಪ್ರದರ್ಶನದಲ್ಲಿ, ಗಂಡಸರಿಗೆಂದೇ ಇರುವ ಒಣಹಣ್ಣಿನ ಕೇಕ್ ಸ್ಪರ್ಧೆಯಲ್ಲಿ. ಗಂಡಸರನ್ನು ಅಡುಗೆಮನೆಗೆ ಕರೆತರಬೇಕೆಂದು ಶುರುವಾದ ಸ್ಪರ್ಧೆ ಅದು. ಕ್ಲೈವ್ ಬಂದಿದ್ದ ಕೂಡ. ಬಾಗಿಲಲ್ಲಿ ನಿಂತು, ಇನ್ನೂ ಆಗಲಿಲ್ಲವಾ ಎಂದು ಕೇಳಿದ್ದ. ಆಮೇಲೆ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದ. ಕಾರು ಓಡಿಸಿದವಳೂ ಡಲ್ಸಿಯೇ.

ಈಗ ಮುಂದಿನ ಶನಿವಾರ ಮತ್ತೆ ಪ್ರದರ್ಶನ. ಹಿಂದೆ ಗೆದ್ದವರೆಲ್ಲ ತಮ್ಮ ತಮ್ಮ ರಿಬ್ಬನ್ ತರಬೇಕು, ಗೋಡೆಗೆ ತೂಗುಹಾಕಿ ಪತ್ರಿಕೆಯವರು ಫೋಟೋ ತೆಗೆಯುತ್ತಾರೆ ಎಂದು ಸಮಿತಿಯವರು ಹೇಳಿಕಳಿಸಿದ್ದರು. ಕ್ಲೈವ್ ಈಗಾಗಲೇ ಟೋಪಿಯ ಧೂಳು ಹೊಡೆದಿಟ್ಟಿದ್ದ.

ಕ್ಲೈವ್: ಈಗೆಲ್ಲಿದೆ ಆ ಕಾರ್ಡು?

ಡಲ್ಸಿ: ಗ್ಲೆನಿಸ್ ಹತ್ರ. ಗುರುವಾರ ಬೆಳಿಗ್ಗೆ ಸಭಾಂಗಣದಲ್ಲಿ ನಾವು ಹೆಂಗಸರು ಮಾಡಿದ ಕಾರ್ಡು ಬದಲಾಯಿಸ್ಕೊಳ್ತೀವಲ್ಲ, ಅಲ್ಲೇ ಅದಲುಬದಲಾಯ್ತು. ಅವಳು ನನಗೆ ಗುಲಾಬಿ ಎದೆಯ ಗಲಾ ಗಿಣಿ ಇರೋ ಕಾರ್ಡು ಕೊಟ್ಳು. ರೆಕ್ಕೆಗೆ ಚಾಕೊಲೇಟ್ ಕಾಗದ ಹಚ್ಚಿದಾಳೆ, ಎಷ್ಟು ಚೆಂದ ಗೊತ್ತಾ.

ಕ್ಲೈವ್: ಎಷ್ಟು ಕೇಳ್ತಾಳೆ ಅವಳು? ಕೊಟ್ಟು ತರ್ತೀನಿ.

ಡಲ್ಸಿ: ಮಾರೋ ಹಾಗಿಲ್ಲ.

ಕ್ಲೈವ್: ಸುಮ್ನೆ ಕೇಳಿದ್ರೆ?

ಡಲ್ಸಿ: ಕೊಟ್ಟಿದ್ದನ್ನ ವಾಪಸ್ ಕೇಳೋ ಹಾಗೂ ಇಲ್ಲ. ಕಾರ್ಡಿಗೆ ಕಾರ್ಡು, ಅಷ್ಟೇ.

ಕ್ಲೈವ್: ಸರಿ ಹಾಗಾದ್ರೆ. ನನ್ನ ಹೆಸರಲ್ಲಿ ನೀನೇ ಒಂದು ಮಾಡ್ಕೊಡು.

ಡಲ್ಸಿ: ನಿನ್ನ ಹೆಸರಲ್ಲಿ ಒಂದು ಮಾಡ್ಕೊಟ್ಟಿದ್ದಕ್ಕೇ ಆ ರಿಬ್ಬನ್ ಬಂದಿದ್ದು ಕಣೋ. ಒಂದು ಸಾಕು.

ಕ್ಲೈವ್ ಒಂದೆರಡು ದಿನ ಮುಖ ಊದಿಸಿಕೊಂಡು ಓಡಾಡಿದ. ಗ್ಲೆನಿಸ್‌ಗೆ ಫೋನ್ ಮಾಡಿ ನೋಡಿದ. ಕಾರ್ಡು ನೀನೇ ಕೈಯಾರೆ ಮಾಡಿದ್ದಾಗಿರಬೇಕು, ಉಳಿಕೆಯಿಂದ ಮಾಡಿದ್ದಾಗಿರಬೇಕು, ಹಿಂಬದಿಯಲ್ಲಿ ಮಾಡಿದವರ ಹೆಸರಿರಬೇಕು, ಅಂಥದ್ದೊಂದು ತಂದರೆ ಕೊಡುತ್ತೇನೆ ಎಂದು ಅವಳೂ ಅದನ್ನೇ ಹೇಳಿದಳು. ಭಾನುವಾರ ಅವನು ಊಟದ ಮೇಜನ್ನು ಪೂರ್ತಿ ಖಾಲಿ ಮಾಡಿಸಿ, ಅಂದರೆ ಡಲ್ಸಿಯಿಂದ ಖಾಲಿ ಮಾಡಿಸಿ, ಕೂತ.

ಕ್ಲೈವ್: ಕತ್ತರಿ ಎಲ್ಲಿದೆ, ಡಲ್ಸಿ?

ಡಲ್ಸಿ: ನಮ್ಮ ಮದುವೆ ಆದಾಗಿಂದ ಎಲ್ಲಿದೆಯೋ ಅಲ್ಲೇ ಇದೆ.

ಕ್ಲೈವ್: ಅದೆಲ್ಲಿ?

ಡಲ್ಸಿ: ಮೂರನೇ ಖಾನೆ.

ಕ್ಲೈವ್: ಯಾವ ಕಡೆಯಿಂದ ಮೂರು?

ಡಲ್ಸಿ: ಒಂದರ ಕೆಳಗೊಂದು ಇರೋ ಖಾನೆಗಳು, ಕ್ಲೈವ್. ಮೇಲಿಂದ ಎಣಿಸು.

ಆಮೇಲೆ ಅಂಟು ಎಲ್ಲಿ ಎಂದ. ಅಂಟಿನ ಮುಚ್ಚಳ ತೆಗೆಯುವುದು ಹೇಗೆ ಎಂದ. ಕೈ ಒರೆಸಲು ಬಟ್ಟೆ ಎಲ್ಲಿ ಎಂದ, ಅಷ್ಟರಲ್ಲಿ ಪರದೆಗೆ ಒರೆಸಿಯೂ ಬಿಟ್ಟ. ಉಳಿಕೆ ಎಲ್ಲಿಡುತ್ತೀಯ ಎಂದು ಕೇಳಿದಾಗ ಡಲ್ಸಿ ಜಗುಲಿಯಿಂದ ತನ್ನ ಬಿಸ್ಕತ್ತಿನ ಡಬ್ಬಿ ತಂದು ತೋರಿಸಿದಳು. ಅದರಲ್ಲಿ ಉಣ್ಣೆಯ ತುದಿಗಳಿದ್ದವು, ಗುಂಡಿಗಳು, ಗೋಡೆ ಕಾಗದದ ಚೂರುಗಳು, ಮುರಿದ ಪದಕ, ನಾಲಿಗೆಯಿಂದ ನೆಕ್ಕಿ ಅಂಟಿಸುತ್ತಿದ್ದ ಕಾಲದ ಅಂಚೆಚೀಟಿಗಳು. ಕ್ಲೈವ್ ಒಳಗೆ ಇಣುಕಿ, ಇದೆಲ್ಲ ಹೆಂಗಸರ ಸಾಮಾನು ಎಂದು ಎದ್ದು ಕೊಟ್ಟಿಗೆಗೆ ಹೋದ. ಬರುವಾಗ ಒಂದು ರಟ್ಟಿನ ಪೆಟ್ಟಿಗೆಯ ಇಡೀ ಮಗ್ಗುಲನ್ನೇ ಹರಿದು ತಂದಿದ್ದ.

ಡಲ್ಸಿ: ಏನದು, ಬಾಗಿಲಾ?

ಕ್ಲೈವ್: ಕಾರ್ಡು.

ಡಲ್ಸಿ: ಇಸ್ಪೀಟ್ ಎಲೆಯಷ್ಟೇ ಇರ್ಬೇಕು. ಅದಕ್ಕಿಂತ ದೊಡ್ಡದಾದ್ರೆ ಯಾರೂ ಮುಟ್ಟಲ್ಲ.

ಕ್ಲೈವ್: ಅಷ್ಟರಲ್ಲಿ ಏನು ಹಿಡಿಸುತ್ತೆ?

ಡಲ್ಸಿ: ನನಗೆ ಸಿಗೋ ಹೊತ್ತು ಹಿಡಿಸುತ್ತೆ.

ಕ್ಲೈವ್ ರಟ್ಟನ್ನು ಕತ್ತರಿಸತೊಡಗಿದ.

ಬುಧವಾರದವರೆಗೂ ಮೇಜು ಅವನದೇ ಆಯಿತು. ಡಲ್ಸಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡಳು. ಅವನಿಗೆ ಆ ಕಡೆ ಗಮನವಿರಲಿಲ್ಲ. ನಾಲಿಗೆಯನ್ನು ತುಟಿಯಂಚಿಗೆ ತಂದು, ಕನ್ನಡಕ ಮೂಗಿನ ತುದಿಗೆ ಜಾರಿಸಿ, ಹುಲ್ಲಿನ ಹೊರೆ ಕಟ್ಟುವ ಕಿತ್ತಳೆ ಬಣ್ಣದ ಹಗ್ಗದ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿ ಅಂಟಿಸುತ್ತಿದ್ದ. ಅದು ಕಟಾವಿಗೆ ಬಂದ ಗೋಧಿ ಹೊಲ. ಮೇಲೆ ತುಕ್ಕು ಹಿಡಿದ ವಾಷರ್, ಅದು ಸೂರ್ಯ. ನಡುವೆ, ಎಂದೋ ಸತ್ತ ಹಳೇ ಕುರಿಯ ಹಳದಿ ಕಿವಿಬಿಲ್ಲೆ. ಅದು ಆ ಕುರಿಯೇ.

ಒಂದು ಸಲ ಡಲ್ಸಿ ಅವನ ಬೆನ್ನ ಹಿಂದೆ ನಿಂತು ನೋಡಿದಳು. ಚೆನ್ನಾಗಿದೆ ಅನ್ನಿಸಿತು. ಹೇಳಲಿಲ್ಲ. ಅವಳ ಕಾರ್ಡುಗಳಿಗೂ ಅವನು ಹೇಳಿರಲಿಲ್ಲ.

ಗುರುವಾರ ಸಭಾಂಗಣಕ್ಕೆ ಕ್ಲೈವ್ ಕಾಲಿಡುತ್ತಲೇ ಹೆಂಗಸರೆಲ್ಲ ಅವನ ಸುತ್ತ ಸೇರಿದರು. ಕಾರ್ಡು ಕೈಯಿಂದ ಕೈಗೆ ಹೋಯಿತು. ಅವನೇ ಮಾಡಿದನಂತೆ ಎಂದಳು ಒಬ್ಬಳು. ಕತ್ತರಿಯನ್ನೂ ಅವನೇ ಹುಡುಕಿಕೊಂಡನಂತೆ ಎಂದಳು ಇನ್ನೊಬ್ಬಳು. ಯಾರೋ ಕುರ್ಚಿ ಎಳೆದರು, ಯಾರೋ ಚಹಾ ತಂದರು, ತೆಂಗಿನತುರಿಯಲ್ಲಿ ಹೊರಳಿಸಿದ ಚಾಕೊಲೇಟ್ ಕೇಕಿನ ತುಂಡು ತಟ್ಟೆಗೆ ಬಿತ್ತು. ಡಲ್ಸಿ ಆ ವಾರ ಮಾಡಿದ್ದ ಕಾರ್ಡುಗಳು ಮೇಜಿನ ಮೂಲೆಯಲ್ಲಿ ಹಾಗೇ ಇದ್ದವು. ಅವಳು ಪಾತ್ರೆ ತೊಳೆಯುವ ತೊಟ್ಟಿಯ ಬಳಿ ನಿಂತು ಎಲ್ಲರ ಬಟ್ಟಲುಗಳನ್ನು ತೊಳೆಯುತ್ತಿದ್ದಳು. ಅಂದು ಅವಳ ಸರದಿಯೂ ಆಗಿರಲಿಲ್ಲ.

ಗ್ಲೆನಿಸ್ ತನ್ನ ಚೀಲದಿಂದ ನೀಲಿ ರಿಬ್ಬನ್ನಿನ ಕಾರ್ಡು ತೆಗೆದಳು. ಪ್ರದರ್ಶನದ ಕೇಕ್ ಮೇಜಿನ ಉಸ್ತುವಾರಿ ಅವಳದೇ, ವರ್ಷಗಳಿಂದ.

ಗ್ಲೆನಿಸ್: ತಗೋ ನಿನ್ನ ರಿಬ್ಬನ್. ಆ ಕುರಿ ಇಲ್ಲಿ ಕೊಡು.

ಕ್ಲೈವ್‌ನ ಬೆರಳುಗಳು ಕಾರ್ಡನ್ನು ಬಿಡಲಿಲ್ಲ.

ಗ್ಲೆನಿಸ್: ಕೊಡು ಮಾರಾಯ.

ಕ್ಲೈವ್: ಅಲ್ಲ ಗ್ಲೆನಿಸ್, ಇನ್ನೊಂದು ಮಾಡಿ ತಂದ್ಕೊಟ್ರೆ ಆಗಲ್ವಾ?

ಗ್ಲೆನಿಸ್: ಪ್ರದರ್ಶನ ನಾಡಿದ್ದು. ಫೋಟೋಗೆ ರಿಬ್ಬನ್ ಬೇಡ್ವಾ ನಿಂಗೆ?

ಕ್ಲೈವ್ ರಿಬ್ಬನ್ ನೋಡಿದ. ತನ್ನ ಕುರಿ ನೋಡಿದ. ಕುರಿಯ ಮೇಲೆ ಅಂಟಿದ್ದ ಕೇಕಿನ ಪುಡಿಯನ್ನು ಉಗುರಿನಿಂದ ಮೆಲ್ಲಗೆ ತೆಗೆದ.

ಕ್ಲೈವ್: ರಿಬ್ಬನ್ ಏನು ಮಹಾ. ಆ ಕೇಕ್ ಡಲ್ಸಿ ಮಾಡಿದ್ದು. ಇದು ನಾನು ಮಾಡಿದ್ದು.

ತೊಟ್ಟಿಯ ಕಡೆ ನಲ್ಲಿ ನಿಂತಿತು. ಏನು ಹೇಳಿಬಿಟ್ಟೆ ಎಂಬುದು ಕ್ಲೈವ್‌ಗೆ ತಿಳಿಯುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು.

ಗ್ಲೆನಿಸ್: ಗೊತ್ತಿತ್ತು ಬಿಡು. ಕೇಕಿನ ಬುಡದ ಕಾಗದವನ್ನ ಅಷ್ಟು ನೀಟಾಗಿ ಕತ್ತರಿಸಿ ಹಾಸೋ ಗಂಡಸು ಈ ಸೀಮೆಯಲ್ಲೇ ಹುಟ್ಟಿಲ್ಲ.

ಕ್ಲೈವ್: ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?

ಗ್ಲೆನಿಸ್: ಎರಡನೇ ಬಹುಮಾನ ಯಾರಿಗೆ ಬಂತು?

ಕ್ಲೈವ್: ನಿನ್ನ ಯಜಮಾನ್ರಿಗೆ.

ಗ್ಲೆನಿಸ್: ಆ ಕೇಕ್ ಮಾಡಿದ್ದು ನಾನು. ಕ್ಲೈವ್ ಕೈಲಿ ಸೋತ್ನಲ್ಲ ಅಂತ ಒಂದು ವರ್ಷ ನಿದ್ದೆ ಬಂದಿಲ್ಲ ನಂಗೆ. ಇವತ್ತು ಸಮಾಧಾನ ಆಯ್ತು, ಡಲ್ಸಿ ಕೈಲಿ ಸೋತಿದ್ದು.

ಮೂರನೆಯ ಬಹುಮಾನ ಬಂದವನ ಹೆಂಡತಿ ಚಹಾ ಬಟ್ಟಲಿನೊಳಗೆ ಮುಖವಿಟ್ಟು ನಗತೊಡಗಿದ್ದಳು. ನಗು ಮೇಜಿನ ಆ ತುದಿಯವರೆಗೂ ಹೋಯಿತು. ಗ್ಲೆನಿಸ್ ನೀಲಿ ರಿಬ್ಬನ್ನಿನ ಕಾರ್ಡನ್ನು ತಿರುಗಿಸಿ ಹಿಂಬದಿ ತೋರಿಸಿದಳು. ಅಲ್ಲಿ, ಎಲ್ಲ ಕಾರ್ಡುಗಳ ಹಾಗೆ, ಮಾಡಿದವರ ಹೆಸರಿತ್ತು: ಡಲ್ಸಿ.

ಗ್ಲೆನಿಸ್: ಈಗ ಇದಕ್ಕೆ ಸರಿಯಾದ ಹೆಸರಿದೆ. ಶನಿವಾರ ಇದನ್ನೇ ತೂಗುಹಾಕ್ತೀನಿ. ಹಿಂಬದಿ ಮುಂದೆ ಮಾಡಿ.

ಇಷ್ಟಾದ ಮೇಲೂ ಕ್ಲೈವ್ ಸುಮ್ಮನೆ ಮನೆಗೆ ಬರಬಹುದಿತ್ತು. ಆದರೆ ಹೊಗಳಿಕೆ ಇನ್ನೂ ತಲೆಯಿಂದ ಇಳಿದಿರಲಿಲ್ಲ. ವಾಷರ್ ಅಂಟಿಸಿದವನಿಗೆ ಕೇಕ್ ಏನು ಲೆಕ್ಕ, ಈ ವರ್ಷದ ಕೇಕನ್ನು ನಾನೇ ಮಾಡುತ್ತೇನೆ, ನಾಳೆ ಬೆಳಿಗ್ಗೆಯೇ ಮಾಡಿ ಮಧ್ಯಾಹ್ನ ತಂದಿಡುತ್ತೇನೆ ಎಂದು ಅಷ್ಟೂ ಹೆಂಗಸರ ಎದುರು ಸಾರಿದ. ಡಲ್ಸಿ ಕೈ ಒರೆಸಿಕೊಳ್ಳುತ್ತ ಬಂದಳು.

ಡಲ್ಸಿ: ನಾನು ಅಡುಗೆಮನೆ ಕಡೆ ತಲೆ ಹಾಕಲ್ಲ.

ಕ್ಲೈವ್: ಹಾಕ್ಬೇಡ.

ಡಲ್ಸಿ: ಏನೂ ಹೇಳಿಕೊಡಲ್ಲ.

ಕ್ಲೈವ್: ನಾನು ಕೇಳೋದೇ ಇಲ್ಲ.

ಶುಕ್ರವಾರ ಬೆಳಕು ಹರಿಯುವ ಮುನ್ನ ಡಲ್ಸಿ ಕೋಳಿಗಳನ್ನು ಬಿಟ್ಟಳು, ಮರಿಗಳಿಗೆ ಹಾಲು ಕುಡಿಸಿದಳು, ತಂತಿಯ ಮೇಲಿನ ಬಟ್ಟೆ ತೆಗೆದಳು. ಬುತ್ತಿ ಕಟ್ಟುವಂತಿರಲಿಲ್ಲ, ಅಡುಗೆಮನೆಯನ್ನು ಬೇರೆಯವರು ಹಿಡಿದಿದ್ದರು. ಹೀಗೆ ಮಿಕ್ಕ ಹೊತ್ತಿನಲ್ಲಿ ಅವಳು ಜಗುಲಿಗೆ ಹೋಗಿ ಇಸ್ತ್ರಿ ಹಲಗೆಯ ಮುಂದೆ, ಈ ಸಲ ಕುರ್ಚಿ ಎಳೆದುಕೊಂಡು, ಕೂತಳು.

ಒಳಗೆ ಪಾತ್ರೆಗಳು ಉರುಳಿದವು.

ಕ್ಲೈವ್: ಜರಡಿ ಎಲ್ಲಿದೆ, ಡಲ್ಸಿ?

ಅವಳು ಡಬ್ಬಿಯಿಂದ ಒಂದು ಗುಂಡಿ ಆರಿಸಿದಳು. ಮೊಟ್ಟೆಯೊಂದು ನೆಲಕ್ಕೆ ಬಿದ್ದ ಸದ್ದು. ನಾಯಿ ಒಳಗೆ ಓಡಿದ ಸದ್ದು. ಬಹಳ ಹೊತ್ತು ಏನೂ ಇಲ್ಲ. ಗೋಪುರಗಳ ಅಂಚು ಹಳದಿಯಾಗುವ ಹೊತ್ತಿಗೆ ಮೊದಲು ದಾಲ್ಚಿನ್ನಿಯ, ಆಮೇಲೆ ಬೆಣ್ಣೆಯ, ಅದರ ಬೆನ್ನಿಗೆ ಒಣದ್ರಾಕ್ಷಿಯ ಸಿಪ್ಪೆ ಸೀಯುವ ವಾಸನೆ ತೇಲಿಬಂತು.

ಕ್ಲೈವ್: ಡಲ್ಸಿ, ಈ ವಾಸನೆ ಬರೋದು ಸರೀನಾ?

ಬಾಗಿಲು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಕೇಕ್ ಇನ್ನೂ ಕೆಟ್ಟಿರಲಿಲ್ಲ. ಉರಿ ತಗ್ಗಿಸಿ ಮೇಲೊಂದು ಕಾಗದ ಮುಚ್ಚು, ಅಷ್ಟು ಹೇಳಿದರೆ ಸಾಕಿತ್ತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಡಲ್ಸಿ ಡಬ್ಬಿಯಿಂದ ಹಳೇ ಅಂಚೆಚೀಟಿಯೊಂದನ್ನು ತೆಗೆದಳು. ಅದನ್ನು ನಾಲಿಗೆಯ ತುದಿಗೆ ಒತ್ತಿ, ಚೆನ್ನಾಗಿ ಒದ್ದೆ ಮಾಡಿ, ಕಾರ್ಡಿಗೆ ಅಂಟಿಸಿದಳು.