ಸೀರೆಯೊಳಗಿನ ನಾಲ್ಕನೇ ಪುಟ

ಮಾರುತೇಶ ಬರೆದ ಕತೆಗಳಿಗೆ ಇದ್ದದ್ದು ಒಂದೇ ದಾರಿ. ಪತ್ರಿಕೆಯವರು ವಾಪಸು ಕಳಿಸುತ್ತಿದ್ದರು, ಹೆಂಡತಿ ವನಜಾಕ್ಷಿ ಅವನ್ನು ಸೀರೆಯ ಮಡಿಕೆಯೊಳಗೆ ಇಡುತ್ತಿದ್ದಳು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ ಅದು. ಜರಿಗೆ ಜರಿ ತಾಕಿ ಮಾಸದಿರಲೆಂದು ಮಡಿಕೆಗಳ ನಡುವೆ ಹಾಳೆ ಇಡಬೇಕು. ಬೇರೆಯವರು ಹಾಳೆ ಕೊಂಡು ತರುತ್ತಿದ್ದರು, ವನಜಾಕ್ಷಿಗೆ ಮನೆಯಲ್ಲೇ ಧಾರಾಳವಾಗಿ ಸಿಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಗಂಡನ ನಲವತ್ತು ಕತೆಗಳು, ಅದಕ್ಕೆ ದುಪ್ಪಟ್ಟು ಕವನಗಳು ಹೀಗೆ ಸೀರೆಗಳ ಜೊತೆ ಊರೂರಿನ ಬೀರು ಸೇರಿದ್ದವು. ಪ್ರಸಾರ ಅಂತ ನೋಡಿದರೆ ಕಡಿಮೆಯೇನಲ್ಲ. ಆದರೆ ಮಾರುತೇಶನಿಗೆ ತನ್ನ ಹೆಸರು ಒಂದೇ ಒಂದು ಸಲ ಅಚ್ಚಿನಲ್ಲಿ ಕಾಣಬೇಕಿತ್ತು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಾಗ ಫೋನು ಬಂತು. ವಾರಪತ್ರಿಕೆಯ ಸಂಪಾದಕರು.

"ನಿಮ್ಮ ಕತೆ ಈ ವಾರ ಹಾಕ್ತಾ ಇದ್ದೇವೆ. ಚೆನ್ನಾಗಿದೆ. ಮೂರು ಪುಟ ಬಂದಿದೆ, ಕೊನೆಗೆ 'ಮುಗಿಯಿತು' ಅಂತೇನೂ ಇಲ್ಲ. ಇನ್ನೊಂದು ಪುಟ ಇದೆಯೇ? ಇದ್ದರೆ ಸಂಜೆ ಐದರೊಳಗೆ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಇಲ್ಲದಿದ್ದರೆ ಹೀಗೇ ಹಾಕ್ತೇವೆ."

"ಐತೆ ಸಾರ್, ಐತೆ! ಕತೆಯ ಜೀವ ಇರೋದೇ ಅದ್ರಾಗೆ!" ಎಂದು ಮಾರುತೇಶ ಕೂಗಿದ. ಗುಂಡಿಯಿಂದ ಮೇಲೆ ಬರುವ ಭರದಲ್ಲಿ ಮಗ್ಗದಲ್ಲಿ ಎದುರಿಗೇ ತೂಗುವ ಅಣಿಗೆಗೆ ತಲೆ ಹೊಡೆಸಿಕೊಂಡ. ಅದು ನೋವೆನಿಸಿದ್ದು ಮರುದಿನ.

ಮನೆಯೆಲ್ಲ ಜಾಲಾಡಿದರೂ ನಾಲ್ಕನೇ ಪುಟ ಸಿಗಲಿಲ್ಲ.

"ಸೀರೆ ಮಡಚೋವಾಗ ಪಕ್ಕದಾಗೆ ಒಂದು ಹಾಳೆ ಬಿದ್ದಿತ್ತು. ವಾಪಸ್ ಬಂದಿದ್ದು ಅನ್ಕಂಡು ಒಳಗಿಟ್ಟೆ," ಎಂದಳು ವನಜಾಕ್ಷಿ.

"ಕಳ್ಸೋಕೆ ಮುಂಚೇನೇ ವಾಪಸ್ ಬರ್ತೈತೇನೇ?"

"ನಿಮ್ಮವು ಹೆಂಗಿದ್ರೂ ಬರ್ತಾವಲ್ರಿ."

ನೆನಪಿನಿಂದ ಇನ್ನೊಂದು ಸಲ ಬರೆಯೋಣವೆಂದರೆ ಅದಕ್ಕೂ ತೊಡಕಿತ್ತು. ಆ ಮುಕ್ತಾಯವನ್ನು ಅವನು ಹನ್ನೊಂದು ಬಗೆಯಲ್ಲಿ ಬರೆದಿದ್ದ. ಒಂದರಲ್ಲಿ ನಾಯಕ ಶೇಖರ ಬಾವಿಗೆ ಬೀಳುತ್ತಿದ್ದ, ಇನ್ನೊಂದರಲ್ಲಿ ಲಾರಿಗೆ ಸಿಗುತ್ತಿದ್ದ, ಮತ್ತೊಂದರಲ್ಲಿ ಹಾವು ಕಚ್ಚುತ್ತಿತ್ತು. ಶುದ್ಧಪ್ರತಿಗೆ ಯಾವ ಸಾವನ್ನು ಇಳಿಸಿದೆನೆಂಬುದು ಏನು ಮಾಡಿದರೂ ನೆನಪಾಗಲಿಲ್ಲ.

ಅಷ್ಟರಲ್ಲಿ ಸುದ್ದಿ ಬೀದಿಗೆ ಹೋಗಿತ್ತು. ಎದುರುಮನೆಯ ಯತ್ತಪ್ಪ, ಪತ್ರಿಕೆಯನ್ನು ಬಜ್ಜಿ ಕಟ್ಟಿಸಿಕೊಂಡಾಗ ಮಾತ್ರ ಕಂಡವನು, ಜಗುಲಿ ಹತ್ತಿ ಬಂದು ತೀರ್ಪು ಕೊಟ್ಟ. "ಲೇ ಮಾರುತೇಶ, ಕೊನೆ ಇಲ್ದಿರೋ ಕತೆ ಬಾಲ ಇಲ್ದಿರೋ ಎತ್ತಿದ್ದಂಗೆ. ಯಾವನೂ ಕೊಂಡ್ಕಳಲ್ಲ. ಹೋಗಿ ತರೋ!"

ಸೀರೆ ಒಯ್ದಿದ್ದವರು ರೇಷ್ಮೆ ಕೊಟ್ಟು ನೇಯಿಸಿಕೊಳ್ಳುವ ಸಾವುಕಾರ ಜಂಬುಲಿಂಗಪ್ಪ. ಮಾರುತೇಶ ಅವರ ಅಂಗಡಿಗೆ ಓಡಿದ.

"ಏಮಪ್ಪಾ, ಆ ಸೀರೆ ನಿನ್ನೇನೇ ಹೋಯ್ತಲ್ಲ! ಚಳ್ಳಕೆರೆ ನಾಗೇಂದ್ರಪ್ಪ ತಗಂಡೋದ. ಇವತ್ತು ಮೂರು ಗಂಟೆಗೆ ಅವನ ಮಗಳು ನಿರ್ಮಲನ ನಿಶ್ಚಿತಾರ್ಥ," ಎಂದರು ಜಂಬುಲಿಂಗಪ್ಪ. ನಾಲ್ಕು ಸಲ ಫೋನು ಮಾಡಿದರು. ಶುಭಕಾರ್ಯದ ಮನೆಯಲ್ಲಿ ಯಾರು ಫೋನು ಎತ್ತುತ್ತಾರೆ?

ಬಸ್ಸು ಆಗಷ್ಟೇ ಹೋಗಿತ್ತು. ಮೂಲೆಮನೆಯ ಮೆಕ್ಯಾನಿಕ್ ಮುಬಷೀರ್, ರಿಪೇರಿಗೆ ಬಂದಿದ್ದ ಯಾರದೋ ಬೈಕು ಹೊರಗೆ ತೆಗೆದು, "ಕೂತ್ಕೊ ಮಾರುತಣ್ಣ. ಇದಕ್ಕೆ ಹೆಂಗೂ ಟ್ರಯಲ್ ನೋಡ್ಬೇಕಿತ್ತು," ಎಂದ. ತಳಕು ದಾಟಿದ ಮೇಲೆ ಟ್ರಯಲ್ಲಿನ ಫಲಿತಾಂಶ ಬಂತು. ಬೈಕು ಎರಡು ಸಲ ಕೆಮ್ಮಿ ನಿಂತಿತು. ಸರಿಮಾಡುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಇಬ್ಬರನ್ನೂ ಹುರಿದಿತ್ತು. ಚಳ್ಳಕೆರೆ ಮುಟ್ಟಿದಾಗ ಮೂರೂಕಾಲು.

ನಾಗೇಂದ್ರಪ್ಪನ ಮನೆಯಲ್ಲಿ ಆಗಬಾರದ್ದು ಆಗಷ್ಟೇ ಆಗಿತ್ತು. ಹುಡುಗಿಗೆ ಉಡಿಸಲೆಂದು ಸೀರೆ ಬಿಚ್ಚಿದಾಗ ಹಾಳೆ ಕೆಳಗೆ ಬಿತ್ತು. ಹುಡುಗಿಯ ಅಜ್ಜಿ ಚಿನ್ನಕ್ಕನಿಗೆ ಓದು ಬಾರದು. ಸೀರೆಯ ಗ್ಯಾರಂಟಿ ಚೀಟಿಯಿರಬೇಕೆಂದು ಅದನ್ನು ಗಂಡಿನ ದೊಡ್ಡಪ್ಪ ಗಾದ್ರಪ್ಪ ಮೇಷ್ಟ್ರ ಕೈಗೆ ಕೊಟ್ಟಳು. ರಿಟೈರಾಗಿ ಆರು ವರ್ಷವಾದರೂ ಮೇಷ್ಟ್ರಿಗೆ ಮನಸ್ಸಿನಲ್ಲೇ ಓದಿಕೊಳ್ಳುವ ಅಭ್ಯಾಸ ಬಂದಿರಲಿಲ್ಲ. ಕೊನೆಯ ಬೆಂಚಿಗೂ ಕೇಳುವಂತೆ ಶುರುಮಾಡಿದರು.

"ನನ್ನನ್ನು ಹುಡುಕಬೇಡಿ. ನನ್ನ ಮನಸ್ಸು ಎಂದೋ ಶೇಖರನಿಗೆ ಸಂದಿದೆ. ಈ ಸೀರೆಯನ್ನೇ ನನ್ನ ಹೆಣಕ್ಕೆ ಹೊದಿಸಿ..."

ಐವತ್ತು ಜನ ಒಟ್ಟಿಗೆ ನಿರ್ಮಲಾ ಇದ್ದ ಕೋಣೆಯ ಕಡೆ ತಿರುಗಿದರು.

"ಯಾವ ಶೇಖರ?" ಎಂದಳು ನಿರ್ಮಲಾ, ಬಾಗಿಲಿಗೆ ಬಂದು ಬಾಯಲ್ಲಿದ್ದ ಪಿನ್ನು ತೆಗೆದು. ಗಂಡಿನ ಕಡೆಯವರು ಆಗಲೇ ಚಪ್ಪಲಿ ಹುಡುಕತೊಡಗಿದ್ದರು.

ಅದೇ ಹೊತ್ತಿಗೆ ಮೈಯೆಲ್ಲ ಧೂಳಾಗಿದ್ದ ಮಾರುತೇಶ ಬಾಗಿಲಲ್ಲಿ ನಿಂತು ಕೂಗಿದ, "ಆ ಹಾಳೆ ನಂದು! ಹರೀಬ್ಯಾಡ್ರಿ, ನಂದು!"

ನಾಗೇಂದ್ರಪ್ಪ ಬಂದವನೇ ಅವನ ಕತ್ತಿನ ಪಟ್ಟಿ ಹಿಡಿದ. "ನೀನೇ ಏನಲೇ ಶೇಖರ?"

"ಅಲ್ರಿ ಯಜಮಾನ್ರೇ! ಶೇಖರ ಸತ್ತೋದ!"

"ಸತ್ತೋದ್ನಾ? ಹೆಂಗೆ ಸತ್ತ?"

"ಅದೇ ನೆನಪಿಲ್ರಿ. ಹಾಳೆ ಕೊಡ್ರಿ, ನೋಡಿ ಹೇಳ್ತೀನಿ."

ಈ ಮಾತಿನಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಮುಬಷೀರ್ ನಡುವೆ ಬಂದ. "ಕತೆ ಸಾಬ್, ಕತೆ! ನಮ್ಮ ಅಣ್ಣ ರೈಟರ್ರು. ಪೇಪರ್‌ನಾಗೆ ಬರ್ತೈತೆ. ಈ ಹಾಳೆ ತಪ್ಪಿ ಸೀರೇಲಿ ಬಂದೈತೆ." ಯಾರೂ ನಂಬಲಿಲ್ಲ. ಬರೆಯುವವನು ಅಂದರೆ ಅವರ ಕಲ್ಪನೆಯಲ್ಲಿ ಕನ್ನಡಕ, ಜುಬ್ಬ ಇರಬೇಕಿತ್ತು. ಇವನ ಅಂಗಿಗೆ ರೇಷ್ಮೆ ಎಳೆ ಅಂಟಿತ್ತು.

"ಹಂಗಾದ್ರೆ ಹಿಂದಿನ ಕತೆ ಹೇಳು. ಹೊಂದಿಕೆ ಆಗ್ತದೋ ನೋಡೋಣ," ಎಂದರು ಗಾದ್ರಪ್ಪ ಮೇಷ್ಟ್ರು.

ಮಾರುತೇಶ ಹೇಳಿದ. ಬೇಡದ ಮದುವೆಯ ಹಿಂದಿನ ದಿನ ಸುಮಿತ್ರಾ ಒಂದು ಪತ್ರ ಬರೆದು ಮದುವೆ ಸೀರೆಯ ಮೇಲೆ ಇಡುತ್ತಾಳೆ. ಹೊಸಿಲ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಾಳೆ. ಅಲ್ಲಿಗೆ ಮೂರು ಪುಟ ಮುಗಿಯುತ್ತದೆ. ಮೇಷ್ಟ್ರು ಅಲ್ಲಿಂದ ಮುಂದಕ್ಕೆ ಹಾಳೆಯನ್ನು ಓದಿದರು. ಪತ್ರದ ಮಾತುಗಳಾದ ಮೇಲೆ ಶೇಖರ ಬಾವಿಗೆ ಬಿದ್ದ. ಅದನ್ನು ಕೇಳಿ ಸುಮಿತ್ರಾ ವಿಷ ಕುಡಿದಳು. ತಾಯಿಗೆ ಹುಚ್ಚು ಹಿಡಿಯಿತು. ತಂದೆ ಎದೆ ಒಡೆದು ಸತ್ತ. ಕೊನೆಗೆ ಕೊಟ್ಟಿಗೆಯ ಎತ್ತು ಮೇವು ಬಿಟ್ಟು ಕಣ್ಣು ಮುಚ್ಚಿತು.

"ಎತ್ತೂ ಸತ್ತೋಯ್ತೇನಪ್ಪಾ?" ಎಂದಳು ಚಿನ್ನಕ್ಕ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅದೇನು ಪಾಪ ಮಾಡಿತ್ತೋ ಮೂಕಪ್ರಾಣಿ!"

ತನ್ನ ಬರಹಕ್ಕೆ ಇನ್ನೊಬ್ಬರು ಅತ್ತದ್ದನ್ನು ಮಾರುತೇಶ ಕಂಡದ್ದು ಇದೇ ಮೊದಲು. ಅಂಥ ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಗಂಡಿನವರು ಚಪ್ಪಲಿ ಬಿಟ್ಟು ಮತ್ತೆ ಜಮಖಾನೆಯ ಮೇಲೆ ಕೂತರು. ಆದರೆ ಹೆಣ, ಚಿತೆ ಎಂದೆಲ್ಲ ಓದಿಸಿಕೊಂಡ ಸೀರೆಯನ್ನು ಹುಡುಗಿಗೆ ಉಡಿಸಲು ಚಿನ್ನಕ್ಕ ಒಪ್ಪಲಿಲ್ಲ. ನಿರ್ಮಲಾ ಅವ್ವನ ಸೀರೆ ಉಟ್ಟಳು. ನಾಗೇಂದ್ರಪ್ಪ ಹೊಸ ಸೀರೆಯನ್ನು ಮಾರುತೇಶನ ಕಂಕುಳಿಗೆ ತುರುಕಿ, "ಮದುವೆಗೆ ಬೇರೆ ನೇಯ್ದು ಕೊಡ್ಬೇಕು. ಒಳಗೆ ಏನೂ ಬರೀಬ್ಯಾಡ," ಎಂದ.

ನಾಲ್ಕೂಕಾಲಿಗೆ ಇಬ್ಬರೂ ಹೊರಗೆ ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಹಾಳೆ ಹಾಸಿದರು. ಮುಬಷೀರ್ ನಾಲ್ಕು ಮೂಲೆಗೂ ಸ್ಪ್ಯಾನರು ಇಟ್ಟು ಫೋಟೋ ತೆಗೆದ. ಸಂಪಾದಕರಿಗೆ ಹೋಯಿತು. ಓದಿದ ಗುರುತಿನ ನೀಲಿ ಗೀಟು ಎರಡೂ ಬಂದವು. ಮಾರುತೇಶ ಮೊದಲ ಸಲ ನೆಮ್ಮದಿಯಿಂದ ಟೀ ಕುಡಿದ, ಇನ್ನೊಂದಕ್ಕೂ ಹೇಳಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಉತ್ತರ ಬಂತು.

"ಮಾನ್ಯರೇ, ಹೊಸಿಲ ಮೇಲೆ ಒಂದು ಕಾಲಿಟ್ಟಲ್ಲಿಗೆ ಕತೆಯನ್ನು ನಿಲ್ಲಿಸಿದ ನಿಮ್ಮ ಸಂಯಮ ನಮಗೆ ಬಹಳ ಹಿಡಿಸಿತ್ತು. ನಾಲ್ಕನೇ ಪುಟ ಓದಿದ ಮೇಲೆ ನಿರ್ಧಾರ ಬದಲಿಸಬೇಕಾಗಿದೆ. ವಿಷಾದವಿದೆ. ಬರೆಯುತ್ತಿರಿ."

ಮಾರುತೇಶ ಅದನ್ನು ಮೂರು ಸಲ ಓದಿದ. ಆಮೇಲೆ ಟೈಪು ಮಾಡಿದ, "ಸಾರ್, ಆ ಪುಟ ನನ್ನದಲ್ಲ."

ಭುಜದ ಮೇಲಿಂದ ನೋಡುತ್ತಿದ್ದ ಮುಬಷೀರ್‌ಗೆ ಟೀ ನೆತ್ತಿಗೇರಿತು. "ಅರೇ ಅಣ್ಣ! ಈಗಿನ್ನೂ ಐವತ್ತು ಜನದ ಮುಂದೆ ನಂದು ನಂದು ಅಂತ ಒದೆ ತಿನ್ನೋಕ್ಕೂ ರೆಡಿ ಇದ್ದೆ!"

"ಸುಮ್ಕಿರೋ," ಎಂದು ಮಾರುತೇಶ ಕಳಿಸಿಯೇಬಿಟ್ಟ.

ಸಂಪಾದಕರ ಉತ್ತರಕ್ಕೆ ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ.

"ಆ ಜಾಗಕ್ಕೆ ಈಗಾಗಲೇ ಬೇರೆ ಕತೆ ಹೋಗಿದೆ. ದಯವಿಟ್ಟು ಆ ಪುಟ ಬರೆದವರಿಗೂ ನಮ್ಮ ವಿಷಾದ ತಿಳಿಸಿ."