ಗಡಿಯಲ್ಲಿ ಮಾಯವಾದ ಬೂತಾಯಿ

ಕಡಲಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ನಂಬಿದ್ದ ದಿನಗಳವು. ಮಂಗಳೂರಿನಲ್ಲಿ ಮೀನುಗಾರಿಕೆಯ ಪಾಠ ಹೇಳುವ ಮೇಷ್ಟ್ರು ನಾನು. ಎರಡು ವರ್ಷ ಕೂತು ಕಂಪ್ಯೂಟರಿನೊಳಗೆ ಒಂದು ಕಡಲನ್ನೇ ಕಟ್ಟಿದ್ದೆ. ಎಲ್ಲಿ ಹಿಡಿದರೆ, ಎಲ್ಲಿ ಬಿಟ್ಟರೆ ಮುಂದೆ ಎಷ್ಟು ಮೀನು ಉಳಿದೀತು ಎಂದು ಅದು ಮೊದಲೇ ತೋರಿಸುತ್ತದೆ. ಅದಕ್ಕೆ ಸಿಮ್ಯುಲೇಶನ್ ಮಾಡೆಲ್ ಎಂದು ಹೆಸರು. ಹೆಸರು ಕೇಳಿದರೇ ಜನ ಎದ್ದು ನಿಲ್ಲಬೇಕು!

ಆಗ ಬೂತಾಯಿ ಮೀನು ಕಡಿಮೆಯಾಗಿ ಉಳ್ಳಾಲದ ಮೀನುಗಾರರಿಗೂ ಗಡಿಯಾಚೆ ಕೇರಳದ ಕಾಸರಗೋಡಿನವರಿಗೂ ಜಗಳ. ಮರಿಗಳನ್ನು ಬಾಚುವವರು ಅವರೇ ಎಂದು ಇವರು, ಇವರೇ ಎಂದು ಅವರು. ಎರಡೂ ಕಡೆಯವರನ್ನು ಉಳ್ಳಾಲದ ಒಂದು ಸಭಾಂಗಣದಲ್ಲಿ ಕೂರಿಸುವಷ್ಟರಲ್ಲಿ ನನ್ನ ಚಪ್ಪಲಿ ಸವೆದಿತ್ತು. ಈ ಸಭೆ ಮುರಿದರೆ ಇನ್ನೊಂದು ಸಭೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೆಂಡತಿ ಹಿಲ್ಡಾ ಕಾಸರಗೋಡಿನಲ್ಲಿ ನರ್ಸ್ ಆಗಿದ್ದವಳು, ಮಲಯಾಳ ಬಲ್ಲವಳು. ಅನುವಾದಕ್ಕೆ ಅವಳನ್ನೇ ಕರೆದೆ.

"ಒಮ್ಮೆ ಈ ಮಾಡೆಲನ್ನು ಮನೆಯಲ್ಲಿ ಓಡಿಸಿ ನೋಡುವ," ಎಂದಳು.

"ಎಂತಕ್ಕೆ? ಇದು ವಿಜ್ಞಾನ, ಹಿಲ್ಡಾ!"

ಸಭೆಯಲ್ಲಿ ಹತ್ತು ನಿಮಿಷ ಗಂಭೀರವಾಗಿ ಪ್ರಸ್ತಾವನೆ ಮಾಡಿದೆ. ಹಿಲ್ಡಾ ಅದನ್ನು ಮೂರೇ ಶಬ್ದದಲ್ಲಿ ಅನುವಾದಿಸಿದಳು. ಕಾಸರಗೋಡಿನವರು ಖುಷಿಯಿಂದ ಚಪ್ಪಾಳೆ ತಟ್ಟಿದರು. ನಾನು ಗುಂಡಿ ಒತ್ತಿದೆ.

ಪರದೆಯ ಮೇಲೆ ಬೂತಾಯಿಯ ಹಿಂಡು ದಕ್ಷಿಣಕ್ಕೆ ಹೊರಟಿತು. ಗಡಿಯ ತಲಪಾಡಿಯ ನೇರಕ್ಕೆ ಬಂದದ್ದೇ ಮಾಯ! ಅದೇ ಜಾಗದಿಂದ ಬೇರೆ ಬಣ್ಣದ ಇನ್ನೊಂದು ಹಿಂಡು ಹುಟ್ಟಿ ಕೇರಳಕ್ಕೆ ಹೋಯಿತು.

ಉಳ್ಳಾಲದ ಹಿರಿಯ ದೋಣಿ ಮಾಲೀಕ ವಾಸಣ್ಣ ಎದ್ದರು. "ಸಾರ್, ಗಡಿಯಲ್ಲಿ ಮೀನು ಅಂಗಿ ಬದಲಿಸ್ತದಾ?"

ನನಗೆ ಬೆವರಿತು. ನಾವು ಬೂತಾಯಿ ಅನ್ನುವುದನ್ನೇ ಅವರು ಮತ್ತಿ ಅನ್ನುತ್ತಾರೆ. ಇದು ನನಗೆ ಗೊತ್ತಿತ್ತು. ಕಂಪ್ಯೂಟರಿಗೆ ಹೇಳಲು ಮರೆತಿದ್ದೆ!

"ಸಣ್ಣ ತಾಂತ್ರಿಕ ವಿಷಯ," ಎಂದು ಗಡಿಬಿಡಿಯಲ್ಲಿ ತಿದ್ದಿದೆ. ಆ ಗಡಿಬಿಡಿಯಲ್ಲಿ ಆಳದ ಅಂಕಿಯ ಮುಂದಿನ ಒಂದು ಮೈನಸ್ ಚಿಹ್ನೆ ಅಳಿಸಿಹೋಗಿ, ನೆಲವೆಲ್ಲ ಕಡಲಾಯಿತು. ಈ ಸಲ ಮೀನುಗಳು ಕೂಳೂರು ಸೇತುವೆ ದಾಟಿ ಕಾಟಿಪಳ್ಳದಲ್ಲಿ ಬಿಡಾರ ಹೂಡಿದವು.

"ಅಲ್ಲಿ ನನ್ನ ತಂಗಿಯ ಮನೆ ಉಂಟು," ಎಂದಳು ಹಿಲ್ಡಾ. "ಬಲೆ ಹಾಕ್ಲಿಕ್ಕೆ ಫೋನ್ ಮಾಡ್ಲಾ?"

ಸಭಾಂಗಣವೇ ನಕ್ಕಿತು. ಕಾಸರಗೋಡಿನ ಮುಖಂಡ ರಾಘವೇಟ್ಟನ್ ಕಣ್ಣೊರೆಸಿಕೊಂಡು ಅಪ್ಪಟ ತುಳುವಿನಲ್ಲಿ ವಾಸಣ್ಣನಿಗೆ ಏನೋ ಹೇಳಿದರು. ಅನುವಾದಕಿಯೇ ಬೇಕಿರಲಿಲ್ಲ! ಇಬ್ಬರೂ ಕುರ್ಚಿ ಎಳೆದುಕೊಂಡು ನನ್ನ ಅಕ್ಕಪಕ್ಕ ಕೂತರು.

"ಮಳೆ ಹಿಡಿದ ಮೇಲೆ ಮರಿ ಮೊದಲು ಕಾಣುವುದು ನಮ್ಮಲ್ಲಿ," ಎಂದರು ರಾಘವೇಟ್ಟನ್.

"ಹೌದಾ? ನಮ್ಮಲ್ಲಿಗೆ ಬರುವುದು ಆಮೇಲೆ. ಅದೇ ಮರಿ ಮಾರಾಯ್ರೆ!" ಎಂದರು ವಾಸಣ್ಣ.

ಅವರು ಹೇಳುತ್ತ ಹೋದರು, ನಾನು ಟೈಪು ಮಾಡುತ್ತ ಹೋದೆ. ಪ್ರತಿ ಸಾಲನ್ನೂ ಹಿಲ್ಡಾ ಪರೀಕ್ಷಿಸಿದಳು. ಈಗ ಒಂದೇ ಕಡೆಯವರು ಮರಿ ಹಿಡಿಯದೆ ಬಿಟ್ಟಂತೆ ಓಡಿಸಿದೆವು. ಮೀನಿನ ಲೆಕ್ಕ ತೋರಿಸುವ ಗೆರೆ ಮಲಗಿದಲ್ಲೇ ಮಲಗಿತ್ತು. ಇಬ್ಬರೂ ಒಟ್ಟಿಗೆ ಬಿಟ್ಟಂತೆ ಓಡಿಸಿದೆವು. ಗೆರೆ ಮೆಲ್ಲಗೆ ಮೇಲೇರಿತು. ಯಾರೂ ನಗಲಿಲ್ಲ.

"ಇದೂ ತಪ್ಪಿರಬಹುದು," ಎಂದೆ ಪ್ರಾಮಾಣಿಕವಾಗಿ.

"ಇರ್ಲಿ ಸಾರ್. ಒಂದು ವರ್ಷ ಒಟ್ಟಿಗೆ ಬಿಟ್ಟು ನೋಡುವ," ಎಂದರು ವಾಸಣ್ಣ. ರಾಘವೇಟ್ಟನ್ ವಾಸಣ್ಣನ ಕೈ ಹಿಡಿದು, "ಮುಂದಿನ ಸಭೆ ನಮ್ಮಲ್ಲಿ. ಊಟವೂ ನಮ್ಮದೇ," ಎಂದರು.

ಎರಡು ರಾಜ್ಯಗಳನ್ನು ಬೆಸೆದ ಮಹಾಪುರುಷನಂತೆ ಎದ್ದು ನಿಂತು, "ನಾನೂ ಬರಬಹುದೇ?" ಎಂದು ವಿನಯದಿಂದ ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಬನ್ನಿ ಸಾರ್," ಎಂದರು ವಾಸಣ್ಣ. "ಹಿಲ್ಡಾ ಬಾಯಿಯವರು ಬರುವಾಗ ಕಂಪ್ಯೂಟರ್ ಹೊರಲಿಕ್ಕೆ ಒಂದು ಜನ ಬೇಕಲ್ಲ!"