ಅತ್ತೆ ಚೆಕ್ ಮಾಡದ ಚಪ್ಪಡಿ

ಮತದಾನದ ದಿನ ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಸೋದರತ್ತೆ ಭೂಮಿಯೊಳಗೆ ಹೋದರು. ಪುರಾಣ ಹೇಳುತ್ತಿಲ್ಲ, ಚಂದ್ರಾ ಲೇಔಟಿನ ವಿಷಯ ಹೇಳುತ್ತಿದ್ದೇನೆ. ಹೋದವರು ಸುಮ್ಮನೆ ಹೋಗಲೂ ಇಲ್ಲ. ನನ್ನನ್ನು ಬೈಯುತ್ತಾ ಹೋದರು. ಬೈಗುಳದ ಕೊನೆಯ ಪದ ನೆಲದ ಕೆಳಗಿನಿಂದ ಬಂತು!

ನಮ್ಮತ್ತೆಯಷ್ಟು ತಪ್ಪು ಹುಡುಕುವ ಜೀವವನ್ನು ನೀವು ನೋಡಿರಲಾರಿರಿ. ಪಾಪ, ಸಂಬಳ ತೆಗೆದುಕೊಂಡೇ ಕಲಿತ ಚಾಳಿ ಅದು. ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರ ಚೆಕಿಂಗ್ ಸೆಕ್ಷನ್ನಿನಲ್ಲಿ ಆಯುಷ್ಯ ಕಳೆದವರು. ಹೊಲಿದ ಶರ್ಟು ಮುಂದೆ ಬಂದರೆ ಕಾಲರು, ಕಫ್ಫು, ಕಂಕುಳು ತಿರುಗಿಸಿ ನೋಡಬೇಕು. ಹೊಲಿಗೆ ಬಿಟ್ಟ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ವಾಪಸ್ ಕಳಿಸಬೇಕು. ರಿಟೈರ್ ಆದ ಮೇಲೆ ಶರ್ಟುಗಳು ಬರುವುದು ನಿಂತಿತು, ಕಣ್ಣು ನಿಲ್ಲಲಿಲ್ಲ. ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಹೋದವರು ಮದುಮಗನ ತೋಳು ಹಿಡಿದು, "ಇಲ್ಲಿ ದಾರ ಎಳ್ದಿದೆ ನೋಡಪ್ಪ, ರಿಸೆಪ್ಷನ್ ಹೊತ್ಗೆ ಬಿಟ್ಕೊಳತ್ತೆ" ಅಂದರು. ಬಿಟ್ಟುಕೊಂಡಿತು! ಆತ ಈಗಲೂ ನಮ್ಮತ್ತೆಯನ್ನು ಕಂಡರೆ ಕೈಕಟ್ಟಿ ನಿಲ್ಲುತ್ತಾನೆ. ಅದು ಗೌರವ ಅಂತ ಅತ್ತೆ ತಿಳಿದಿದ್ದಾರೆ.

ಶರ್ಟು ಸಿಗದ ಮೇಲೆ ಅತ್ತೆ ಬೀದಿಯನ್ನೇ ಚೆಕ್ ಮಾಡಲು ಶುರು ಮಾಡಿದರು. ನಮ್ಮ ಫುಟ್‌ಪಾತು ಅಂದರೆ ಮೋರಿಯ ಮೇಲೆ ಸಾಲಾಗಿ ಹೊದಿಸಿದ ಕಲ್ಲು ಚಪ್ಪಡಿಗಳು. ಅದರಲ್ಲಿ ಒಂದು ಮುರಿದು ಬಾಯಿ ತೆರೆದಿತ್ತು. ಅತ್ತೆ ವಾರ್ಡ್ ಆಫೀಸಿಗೆ ಹೋಗಿ ದೂರು ಕೊಟ್ಟರು. ಅಲ್ಲಿನವರು "ಮಾಡಿಸ್ತೀವಮ್ಮ" ಅಂದರು. ಮತ್ತೆ ಹೋದರು, ಮತ್ತೆ ಅದೇ ಉತ್ತರ. ಒಂದು ಬೆಳಿಗ್ಗೆ ನೋಡುತ್ತೇನೆ, ತೆಂಗಿನ ಚಿಪ್ಪಿನಲ್ಲಿ ರಂಗೋಲಿ ಪುಡಿ ಹಿಡಿದು, ಪಕ್ಕದ ಚಪ್ಪಡಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಆ ಬಾಯಿಯ ಸುತ್ತ ದೊಡ್ಡ ರಂಗೋಲಿ ಬಿಡುತ್ತಿದ್ದಾರೆ!

"ಅತ್ತೆ, ಇದೇನಿದು?"

"ಗುರುತು ಕಣೇ. ರಂಗೋಲಿ ಯಾರೂ ತುಳಿಯಲ್ಲ."

ನಿಜಕ್ಕೂ ತುಳಿಯಲಿಲ್ಲ. ಕೆಂಪು ದೀಪಕ್ಕೆ ನಿಲ್ಲದ ಸ್ಕೂಟರುಗಳು ಆ ರಂಗೋಲಿಗೆ ಮರ್ಯಾದೆಯಿಂದ ಸುತ್ತು ಹಾಕಿದವು. ಮಳೆ ಬಂದು ಅಳಿಸಿದರೆ ಮಾರನೇ ದಿನ ಮತ್ತೆ ಹೊಸದು. ಒಮ್ಮೆ ಯಾರೋ ದಾರಿಹೋಕರು ಚಪ್ಪಲಿ ಬಿಟ್ಟು ಕೈಮುಗಿದು, "ಇದು ಯಾವ ದೇವ್ರಮ್ಮಾ?" ಅಂತ ಕೇಳಿದರು.

"ನಮ್ಮ ವಾರ್ಡಿನ ದೇವ್ರು. ಎಷ್ಟು ಕೂಗಿದ್ರೂ ಕಣ್ಣು ಬಿಡಲ್ಲ" ಅಂದರು ಅತ್ತೆ.

ತಮಾಷೆ ಏನೆಂದರೆ ಇಡೀ ಬೀದಿಯಲ್ಲಿ ರಂಗೋಲಿಯಿಲ್ಲದ ಬಾಗಿಲು ನಮ್ಮದೊಂದೇ. ಕೆಳಗಿನ ಮನೆ ಅತ್ತೆಯದು, ಮೇಲಿನ ಮನೆಯಲ್ಲಿ ನಾನು. ಗೇಟು ಇಬ್ಬರಿಗೂ ಒಂದೇ. ಅಲ್ಲಿ ಬರೀ ನೀರು ಚಿಮುಕಿಸಿ ಬರುತ್ತಿದ್ದರು. ಕೇಳಿದರೆ, "ನಮ್ಮ ಬಾಗ್ಲಲ್ಲಿ ಬೀಳೋಕೆ ಏನಿದೆ? ಪುಡಿ ದಂಡ!"

ಚುನಾವಣೆ ಬಂತು. ಅಭ್ಯರ್ಥಿಯೊಬ್ಬರು ಹಿಂಬಾಲಕರ ಜೊತೆ ಬಂದು ಕೈಮುಗಿದರು. ಅತ್ತೆ ಅವರ ಕಾಲರು ತಿರುಗಿಸಿ ನೋಡಿ, "ಬಟ್ಟೆ ಚೆನ್ನಾಗಿದೆ, ಹೊಲಿಗೆ ಅವಸರದ್ದು" ಅಂದು, ಸೀದಾ ರಂಗೋಲಿಯ ಹತ್ತಿರ ಕರೆದುಕೊಂಡು ಹೋದರು. ಅವರು ಅಲ್ಲಿ ಏನು ಮಾಡಿದರು ಗೊತ್ತೇ? ರಂಗೋಲಿ ಚೆನ್ನಾಗಿದೆ ಅಂತ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು!

"ಗೆದ್ದ ಮೇಲೆ ಮೊದಲ ಕೆಲಸ ಇದೇ ಆಂಟಿ" ಅಂದ ಹಿಂಬಾಲಕ.

"ಹೋದ್ಸಲಾನೂ ಇದೇ ಮೊದಲ ಕೆಲಸ ಆಗಿತ್ತು ಕಣಪ್ಪ."

ಇಷ್ಟೆಲ್ಲ ನೋಡಿದ ಬೀದಿಯವರಿಗೆ ಓಟಿನ ಮೇಲೆ ಎಂಥಾ ಭಕ್ತಿ ಇರಬಹುದು ಹೇಳಿ! ಎದುರುಮನೆಯ ಬ್ಯಾಂಕ್ ಅಂಕಲ್ ರಿಟೈರ್ ಆದಾಗಿನಿಂದ ಬೂತಿನ ಕಡೆ ತಲೆ ಹಾಕಿಲ್ಲ. "ಯಾರು ಬಂದ್ರೂ ಅಷ್ಟೇ ಕಣ್ರೀ. ಇವ್ರ ಮುಖಕ್ಕೆ ನಾನು ಬೆರಳಿಗೆ ಮಸಿ ಬಳ್ಕೋಬೇಕಾ?" ಅನ್ನುವುದು ಅವರ ರಾಜಕೀಯ ಸಿದ್ಧಾಂತ. ನನ್ನದೂ ಅದೇ, ಸ್ವಲ್ಪ ಇಂಗ್ಲಿಷ್ ಸೇರಿಸಿ ಹೇಳುತ್ತಿದ್ದೆ. ಮತದಾನಕ್ಕೆ ರಜೆ, ಮುಂದೆ ವಾರಾಂತ್ಯ. ಗೆಳತಿಯರ ಜೊತೆ ರೆಸಾರ್ಟು ಬುಕ್ ಆಗಿತ್ತು.

ಹಾಗಾಗಿ ಆ ಬೆಳಿಗ್ಗೆ ನಾನು ಬ್ಯಾಗು ಹಿಡಿದು ಕ್ಯಾಬಿಗೆ ಕಾಯುತ್ತಾ ಗೇಟಿನಲ್ಲಿ ನಿಂತಿದ್ದೆ. ಹಿಂದಿನ ಸಂಜೆ ಜೋರು ಮಳೆ ಬಂದು ರಂಗೋಲಿ ಕೊಚ್ಚಿಹೋಗಿತ್ತು. ಓಟು ಹಾಕಲು ಹೋಗುವ ಮುದುಕರು ಬಿದ್ದರೆ ಅಂತ ಅತ್ತೆ ಎದ್ದ ಕೂಡಲೇ ಚಿಪ್ಪು ಹಿಡಿದು ಬಂದಿದ್ದರು. ಮಾಮೂಲಿನ ಚಪ್ಪಡಿಯ ಮೇಲೆ ಕೂತರು. ನನ್ನ ಬ್ಯಾಗು ನೋಡಿದರು.

"ಓಟು?"

"ಬೇಡ ಅತ್ತೆ. ಹಾಕಿ ಏನುಪಯೋಗ?"

"ಓದಿ ಓದಿ ಇಷ್ಟೇನಾ ಕಲ್ತಿದ್ದು? ಥೂ, ನಿನ್ನ ಬಿ.ಕಾಂ.ಗೆ..."

ಕಲ್ಲು ಸೀಳಿದ ಸದ್ದು. ಅತ್ತೆ ಇಲ್ಲ. "...ಬೆಂಕಿ!" ಅನ್ನುವುದು ನೆಲದ ಕೆಳಗಿನಿಂದ ಕೇಳಿತು. ಚಿಪ್ಪು ಮಾತ್ರ ಉರುಳುತ್ತಾ ನನ್ನ ಕಾಲ ಬಳಿ ಬಂದು ನಿಂತಿತು. ಎಲ್ಲ ಚಪ್ಪಡಿಗಳನ್ನೂ ಚೆಕ್ ಮಾಡಿದ್ದ ನಮ್ಮತ್ತೆ ತಾವು ದಿನಾ ಕೂರುವ ಚಪ್ಪಡಿಯನ್ನು ಮಾತ್ರ ಚೆಕ್ ಮಾಡಿರಲಿಲ್ಲ!

ಇಲ್ಲಿ ನಗಬಹುದು ನೀವು. ಈಗ ನಾನೂ ನಗುತ್ತೇನೆ. ಆದರೆ ಅವತ್ತು ನಗುವ ಹೊತ್ತಾಗಿರಲಿಲ್ಲ. ಓಡಿಹೋಗಿ ಬಗ್ಗಿದರೆ ಮಳೆನೀರು ಅತ್ತೆಯ ಎದೆಮಟ್ಟಕ್ಕೆ ಹರಿಯುತ್ತಿತ್ತು. ನೀರು ಅವರನ್ನು ಮುಂದಿನ ಚಪ್ಪಡಿಗಳ ಕೆಳಗಿನ ಕತ್ತಲೆಗೆ ಎಳೆಯುತ್ತಿತ್ತು. ಬಲಗೈ ಸೊಟ್ಟಗೆ ತಿರುಗಿತ್ತು. ಎಡಗೈ ಮಾತ್ರ ಅಂಚನ್ನು ಹಿಡಿದಿತ್ತು. ನಾನು ಹೊಟ್ಟೆಯ ಮೇಲೆ ಮಲಗಿ ಆ ಮಣಿಕಟ್ಟು ಹಿಡಿದೆ. ರಂಗೋಲಿ ಪುಡಿ ಹತ್ತಿದ ಕೈ, ಜಾರುತ್ತಿತ್ತು. ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ.

ಮೊದಲು ಬಂದವರು ಬ್ಯಾಂಕ್ ಅಂಕಲ್, ಬನಿಯನ್ನಿನಲ್ಲಿ. ನನ್ನ ಪಕ್ಕ ಧೊಪ್ಪನೆ ಮಲಗಿ ಅತ್ತೆಯ ತೋಳಿಗೆ ಕೈ ಹಾಕಿದರು. ಆಮೇಲೆ ಬಂದವರು ಎರಡು ಬೇರೆ ಬೇರೆ ಪಕ್ಷದ ಇಬ್ಬರು ಕಾರ್ಯಕರ್ತರು. ಬೂತಿನಾಚೆ ಹಾಕಲು ತಮ್ಮ ತಮ್ಮ ಟೇಬಲ್ ಹೊತ್ತು ಹೋಗುತ್ತಿದ್ದರು. ಹಿಂದಿನ ವಾರವಷ್ಟೇ ಕತ್ತುಪಟ್ಟಿ ಹಿಡಿದುಕೊಂಡಿದ್ದ ಜೋಡಿ!

"ಟೇಬಲ್ ಒಳಗೆ ಇಳ್ಸೋಣ ಗುರು, ಅದ್ರ ಮೇಲೆ ಕಾಲಿಡ್ಲಿ."

"ನಿಮ್ದು ಅಲ್ಲಾಡತ್ತೆ ಮಗಾ, ನಮ್ದು ಇಳ್ಸು."

ಮೋರಿಯೊಳಗಿಂದ ಅತ್ತೆಯ ದನಿ ಬಂತು: "ಯಾರದ್ದಾದ್ರೂ ಇಳ್ಸ್ರೋ! ಇವತ್ತಾದ್ರೂ ನಿಮ್ಮಿಂದ ಒಂದು ಕೆಲ್ಸ ಆಗ್ಲಿ!"

ಎರಡೂ ಇಳಿಸಿದರು. ಒಂದರ ಮೇಲೊಂದು. ಇಬ್ಬರೂ ಸೊಂಟದವರೆಗೆ ಕೊಚ್ಚೆಯಲ್ಲಿ ನಿಂತು ಟೇಬಲ್ ಅದುಮಿ ಹಿಡಿದರು. ನಾನು, ಅಂಕಲ್, ಅಷ್ಟರಲ್ಲಿ ಬಂದ ನನ್ನ ಕ್ಯಾಬಿನ ಡ್ರೈವರಣ್ಣ ಸೇರಿ ಮೇಲಕ್ಕೆ ಎಳೆದೆವು. ಹೊರಗೆ ಬಂದ ಅತ್ತೆ ಕೆಮ್ಮಿ, ಉಗಿದು, ಕಣ್ಣು ಒರೆಸಿಕೊಂಡು ಕೇಳಿದ ಮೊದಲ ಮಾತು: "ಬೂತು ತೆಗೆದ್ರಾ?"

ರೆಸಾರ್ಟಿಗೆ ಬಂದ ಕ್ಯಾಬು ಆಸ್ಪತ್ರೆಗೆ ಹೋಯಿತು. ಬಲಗೈಗೆ ಪ್ಲಾಸ್ಟರು, ಕಾಲಿಗೆ ಕಟ್ಟು. ಡಾಕ್ಟರು ರೆಸ್ಟ್ ತಗೊಳ್ಳಿ ಅಂದರೆ, "ಆರು ಗಂಟೆ ಮೇಲೆ ತಗೋತೀನಿ ಸಾರ್. ಮಸಿ ಹಾಕೋದು ಎಡಗೈಗೆ, ಅದು ಸರಿಯಾಗಿದೆ" ಅಂದರು. ಮಧ್ಯಾಹ್ನ ಗಾಲಿ ಕುರ್ಚಿಯಲ್ಲಿ ಬೂತಿಗೆ ಹೊರಟಾಗ ತಳ್ಳಿದವರು ಬ್ಯಾಂಕ್ ಅಂಕಲ್. "ಒಳಗೆ ಬಂದ್ಮೇಲೆ ಸುಮ್ನೆ ವಾಪಸ್ ಹೋಗೋಕಾಗತ್ತಾ?" ಅಂತ ತಮಗೆ ತಾವೇ ಹೇಳಿಕೊಂಡು ಸಾಲಿನಲ್ಲಿ ನಿಂತರು. ನಾನೂ ನಿಂತೆ. ಮಸಿ ಹಚ್ಚುವಾಗ ನಾನು ಬಲಗೈ ಚಾಚಿದ್ದನ್ನು ನೋಡಿ ಅಧಿಕಾರಿ, "ಮೊದಲ್ನೇ ಸಲಾನಾ ಮೇಡಂ?" ಅಂದರು.

ಯಾರು ಗೆದ್ದರು ಅಂತ ಕೇಳಬೇಡಿ. ಗೆದ್ದವರ ಟೇಬಲ್ಲೂ ಸೋತವರ ಟೇಬಲ್ಲೂ ಮೋರಿಯಲ್ಲೇ ಮುರಿದಿದ್ದವು. ಆ ಇಬ್ಬರು ಕಾರ್ಯಕರ್ತರು, ಬನಿಯನ್ ಮೇಲೆ ಇಸ್ತ್ರಿ ಶರ್ಟು ತೊಟ್ಟ ಅಂಕಲ್, ಹಿಂದೆ ಇಡೀ ಬೀದಿ, ಎಲ್ಲರೂ ಸೇರಿ ವಾರ್ಡ್ ಆಫೀಸಿಗೆ ಹೋಗಿ ಕೂತರು. ಒಬ್ಬರೇ ಹೋದಾಗ "ಮಾಡಿಸ್ತೀವಮ್ಮ" ಅಂದ ಬಾಯಿ, ಇಷ್ಟು ಜನರನ್ನು ಕಂಡು "ಯಾವತ್ತು ಬರ್ಲಿ ಸಾರ್?" ಅಂದಿತು!

ಸಾಲುಸಾಲು ಹೊಸ ಚಪ್ಪಡಿ ಬಂದವು. ಆದರೆ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಕಲ್ಲಿನ ಸದ್ದು, ಜಾರುವ ಮಣಿಕಟ್ಟು. ಅತ್ತೆಗೆ ಏನೂ ಆಗಿರಲಿಲ್ಲ ಅಂತ ತೋರುತ್ತಿತ್ತು. ಪ್ಲಾಸ್ಟರಿನ ಹೊಲಿಗೆ ಸರಿಯಿಲ್ಲ ಅಂತ ಡಾಕ್ಟರಿಗೆ ಬೈಯುತ್ತಿದ್ದರು.

ಬೆರಳಿನ ಮಸಿ ಉಗುರಿನ ತುದಿಗೆ ಬಂದಿದ್ದ ಒಂದು ಭಾನುವಾರ, ಎದ್ದಾಗ ಬಿಸಿಲು ಮುಖದ ಮೇಲಿತ್ತು. ರಾತ್ರಿ ಹೇಗೆ ಕಳೆಯಿತೋ ಗೊತ್ತೇ ಆಗಿರಲಿಲ್ಲ. ಗಾಬರಿಯಿಂದ ಕೆಳಗೆ ಓಡಿದೆ. ಅತ್ತೆ ಗೇಟಿನ ಮುಂದೆ ಕೂತಿದ್ದರು, ಕೋಲು ಪಕ್ಕದಲ್ಲಿತ್ತು. ನಮ್ಮ ಬಾಗಿಲ ಮುಂದೆ, ನಾನು ಕಂಡಂತೆ ಮೊದಲ ಸಲ, ಒಂದು ರಂಗೋಲಿ. ಬಲಗೈ ಇನ್ನೂ ಸರಿಯಾಗಿ ಬಗ್ಗದು, ಹಾಗಾಗಿ ಎಡಗೈಯದ್ದು. ಗೆರೆ ಎಲ್ಲ ಸೊಟ್ಟ.

"ಅತ್ತೆ, ಇದು ಪಾಸಾಗಲ್ಲ" ಅಂದೆ.

"ಆಗದಿದ್ರೆ ಬೇಡ. ಇದು ಗುರುತಲ್ಲ, ಸುಮ್ನೆ ಬಿಟ್ಟಿದ್ದು." ಅತ್ತೆ ತಲೆ ಎತ್ತಲಿಲ್ಲ. "ನಿದ್ದೆ ಬಂತಾ?"

"ಬಂತು."

"ನಂಗೂ ನಿನ್ನೇನೇ ಕಣೇ ಬಂದಿದ್ದು" ಅಂದರು ಅತ್ತೆ. ಪುಡಿ ಮೆತ್ತಿದ ಆ ಎಡಗೈ ನನ್ನ ಕಡೆ ಚಾಚಿದರು. "ಹಿಡ್ಕೋ, ಏಳ್ಬೇಕು."